ಮುದ್ದಕ್ಕ ಕದ್ದ ಪುದೀನ

ಮುದ್ದಕ್ಕನಿಗೆ ಮೆತ್ತಗೆ ಮಾತನಾಡಲು ಬರುವುದಿಲ್ಲ. ಮೆತ್ತಗೆ ಕೆಲಸ ಮಾಡಲಂತೂ ಬರುವುದೇ ಇಲ್ಲ. ಕಂಕನಾಡಿ ಮಾರ್ಕೆಟ್ಟಿನ ಹಿಂದಿರುವ ನಮ್ಮ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದವರು ಬೇಸಿಗೆಯ ಬೆಳಗ್ಗೆ ಧಡ್ ಧಡ್ ಸದ್ದು ಕೇಳಿ, ಯಾರೋ ಯಾರನ್ನೋ ಕಡಿಯುತ್ತಿದ್ದಾರೆಂದು ಬಾಗಿಲಿಗೆ ಓಡಿ ಬರುತ್ತಾರೆ. ಕಡಿಯುತ್ತಿರುವುದು ನಿಜ, ಕಡಿಸಿಕೊಳ್ಳುತ್ತಿರುವುದು ಮಾತ್ರ ಹಲಸಿನಕಾಯಿ. ಕತ್ತಿ ಎತ್ತಿದರೆ ಒಂದೇ ಏಟಿಗೆ ಎರಡು ಹೋಳು. ಸೊಳೆ ಬಿಡಿಸಿ, ಕಲ್ಲುಪ್ಪು ಬೆರೆಸಿ, ಭರಣಿಗೆ ಮುಷ್ಟಿಯಿಂದ ಗುದ್ದಿ ಗುದ್ದಿ ತುಂಬಿ, ಮೇಲೆ ಹೊಳೆಕಲ್ಲು ಹೇರುವಾಗ ಅವಳ ಮುಖ ನೋಡಬೇಕು, ಯಾರನ್ನೋ ನೀರಿನಲ್ಲಿ ಅದುಮಿ ಹಿಡಿದವಳ ಹಾಗೆ. "ಮೇಲೆ ಬಂದ್ರೆ ಕೊಳೀತಿ. ಕೆಳಗೆ ಬಿದ್ದುಕೋ" ಎಂದು ಸೊಳೆಗೆ ಬೈಯುತ್ತಾಳೆ. ಮಳೆಗಾಲದಲ್ಲಿ ಅವಳ ಸಸಿ ತಿನ್ನಲು ಬರುವ ಬಸವನಹುಳುಗಳ ಗತಿ ಏನಾಗುತ್ತದೆಂದು ನಾನು ಹೇಳುವುದಿಲ್ಲ. ಅದನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ನಾನು ಆ ಓಣಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಹೆಂಗಸರನ್ನು ಈ ಊರಿನಲ್ಲಿ ಬಾಯಿ ಎನ್ನುವುದು ವಾಡಿಕೆ, ಮುದ್ದಕ್ಕನಿಗೂ ನಾನು ಬಾಯಿಯೇ. ನನ್ನ ಮಿಷನ್ನಿನ ಎದುರಿಗೆ ಅವಳ ಮನೆ. ಅದಕ್ಕೆ ತಾಗಿ, ಒಂದು ಕುಳ್ಳ ಗೋಡೆಯ ಆಚೆ, ಸುಹರಾಳ ಮನೆ. ಸುಹರಾಳ ಗಂಡ ಅಹ್ಮದ್ ಬಾವನಿಗೆ ಬಂದರಿನಲ್ಲಿ ಮಸಾಲೆ ಸಾಮಾನಿನ ವ್ಯಾಪಾರ. ಆತ ಬೆಳಗ್ಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು. ಹಾಗಾಗಿ ಗೋಡೆಯ ಎರಡೂ ಬದಿಯಲ್ಲಿ ಹೆಂಗಸರದ್ದೇ ಕಾರುಬಾರು. ಈಚೆ ಮುದ್ದಕ್ಕ ಹಾಲಿನ ಖಾಲಿ ತೊಟ್ಟೆಗಳಲ್ಲಿ ಬಸಳೆ, ಹರಿವೆ, ಬದನೆಯ ಸಸಿ ಎಬ್ಬಿಸಿ ಮಾರ್ಕೆಟ್ಟಿನ ಬಾಗಿಲಲ್ಲಿ ಬುಟ್ಟಿ ಇಟ್ಟು ಮಾರುತ್ತಾಳೆ. ಆಚೆ ಸುಹರಾಳ ಹಿತ್ತಿಲ ಜಗಲಿಯಲ್ಲಿ ಮಾವಿನಕಾಯಿ, ಲಿಂಬೆ, ಖರ್ಜೂರದ ಉಪ್ಪಿನಕಾಯಿಯ ಭರಣಿಗಳು ಸಾಲಾಗಿ ಕೂತಿರುತ್ತವೆ.

ಮುದ್ದಕ್ಕನ ಗಂಡ ಲೋಕಯ್ಯ ಬಂದರಿನ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಹಗಲಿಗೆ ಮೂಟೆ, ಸಂಜೆಗೆ ಸಾರಾಯಿ, ಆಮೇಲೆ ಮುದ್ದಕ್ಕ. ಸೌದೆಯಿಂದ ಹೊಡೆಯುತ್ತಿದ್ದ, ಸೌದೆ ಸಿಗದಿದ್ದರೆ ಕೈಗೆ ಸಿಕ್ಕಿದ್ದರಿಂದ. ಅವಳ ಮುಂದಿನ ಹಲ್ಲು ಹೋದದ್ದು ಅಕ್ಕಿ ಅಳೆಯುವ ಸೇರಿನ ಪೆಟ್ಟಿಗೆ. ಒಂದು ಸಂಜೆ ಅವಳ ಮೆಣಸಿನ ಸಸಿಗಳನ್ನೆಲ್ಲ ಕಿತ್ತು ಓಣಿಗೆ ಎಸೆದು, ಅವಳನ್ನೂ ಕೂದಲು ಹಿಡಿದು ಅವುಗಳ ಮೇಲೆಯೇ ಎಳೆದಾಡಿದ. ಆಗ ನಾನಿನ್ನೂ ಈ ಓಣಿಗೆ ಬಂದಿರಲಿಲ್ಲ. ಅಂದು ಅಳಿದುಳಿದ ಸಸಿಗಳನ್ನು ಹೆಕ್ಕಿ ತನ್ನ ಹಿತ್ತಿಲಲ್ಲಿ ಊರಿದವಳು ಹೊಸ ಮದುಮಗಳಾಗಿದ್ದ ಸುಹರಾ. ಸ್ವಲ್ಪ ದಿನ ಕಳೆದ ಮೇಲೆ ಮುದ್ದಕ್ಕ ಗೋಡೆಯ ಮೇಲಿಂದ ಇಣುಕಿದರೆ ತನ್ನದೇ ಮೆಣಸು ಅಲ್ಲಿ ಹೂಬಿಟ್ಟು ನಿಂತಿದೆ! ಕೇಳಲು ನಾಚಿಕೆ, ಬಿಡಲು ಹೊಟ್ಟೆಯುರಿ. ಮರುದಿನ ನಸುಕಿನಲ್ಲಿ ಗೋಡೆ ಹತ್ತಿ ಇಳಿದು ಎರಡು ಗಿಡ ಕದ್ದು ತಂದಳು. ಅವು ಕಾಯಿ ಬಿಟ್ಟ ಹಾಗೆ ಬೇರೆ ಯಾವ ಮೆಣಸೂ ಬಿಟ್ಟಿರಲಿಲ್ಲವಂತೆ.

ನಮ್ಮ ಕಡೆಯ ಹೆಂಗಸರಿಗೆ ಇದು ಹೊಸ ಮಾತಲ್ಲ. ಕೇಳಿ ತಂದ ಗಿಡ ಕೊಳೆಯುತ್ತದೆ, ಕದ್ದು ತಂದದ್ದು ಚಿಗುರುತ್ತದೆ. ಕದಿಯಲು ಹೋದವಳು ಬಾಯಿ ಬಿಡಬಾರದು, ಒಂದು ಮಾತು ಆಡಿದರೂ ಬೇರು ಹಿಡಿಯುವುದಿಲ್ಲ. ನೋಡಿದವಳು ನೋಡದವಳ ಹಾಗೆ ಇರಬೇಕು. ಮುದ್ದಕ್ಕ ಗೋಡೆ ಇಳಿಯುವ ಸದ್ದಾದರೆ ಸುಹರಾ ಒಮ್ಮೆ ಕೆಮ್ಮಿ ಒಳಗೆ ಹೋಗುತ್ತಿದ್ದಳು. ಸುಹರಾ ಬಂದರೆ ಮುದ್ದಕ್ಕ ಬಾವಿಯ ಕಡೆ ಮುಖ ಮಾಡಿ ಪಾತ್ರೆ ಉಜ್ಜುತ್ತಿದ್ದಳು. ಹೀಗೆ ಇಬ್ಬರೂ ವರ್ಷಗಟ್ಟಲೆ ಒಬ್ಬರನ್ನೊಬ್ಬರು ದೋಚಿಕೊಂಡರು. ಹಾಗೆಂದು ಭಾರೀ ಗೆಳತಿಯರೇನಲ್ಲ. ಕೋಳಿ ಗೋಡೆ ಹಾರಿತು, ಎಲೆ ಈಚೆ ಬಿತ್ತು ಎಂದು ವಾರಕ್ಕೊಮ್ಮೆ ಜಗಳ ಉಂಟೇ ಉಂಟು. ಗಿಡದ ಕಳ್ಳತನದ ಮಾತು ಮಾತ್ರ ಆ ಜಗಳಗಳಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

ಲೋಕಯ್ಯನ ಮೇಲೆ ಒಂದು ದಿನ ಮೂಟೆಗಳ ಅಟ್ಟಿ ಉರುಳಿ ಬಿತ್ತು. "ನನ್ನ ಕೈಯಲ್ಲಿ ಆಗದ್ದನ್ನು ಅಕ್ಕಿಮೂಟೆ ಮಾಡಿತು ಬಾಯಿ" ಎಂದಳು ಮುದ್ದಕ್ಕ. ಅವಳ ಕಣ್ಣಲ್ಲಿ ನೀರಿರಲಿಲ್ಲ. ಉಳಿದವನು ಒಬ್ಬನೇ ಮಗ ಲತೇಶ. ಬಲ್ಮಠದ ಒಂದು ಟೈಲ್ಸ್ ಅಂಗಡಿಯಲ್ಲಿ ಕೆಲಸ. ಅಮ್ಮನ ಬುಟ್ಟಿ ಹೊತ್ತು ಮಾರ್ಕೆಟ್ಟಿಗೆ ಬರುತ್ತಿದ್ದವನು ಈ ಎರಡು ಮೂರು ವರ್ಷಗಳಲ್ಲಿ ಶೈಲೇಶ್ ಎಂಬವನ ಗುಂಪು ಸೇರಿದ್ದ. ಸುಹರಾಳ ಮನೆಯಿಂದ ಬಂದ ತಿಂಡಿ ಮುಟ್ಟುತ್ತಿರಲಿಲ್ಲ. "ಆಚೆ ಹೋಗ್ಬೇಡಿ ಅಮ್ಮ, ಮರ್ಯಾದೆ ಇಲ್ವಾ ನಿಮಗೆ?" ಎಂದು ಗದರಿಸಲು ಶುರು ಮಾಡಿದ್ದ. ಮುದ್ದಕ್ಕ ಅವನಿಗೆ ಸೌಟು ತೋರಿಸಿ ಸುಮ್ಮನಾಗಿಸುತ್ತಿದ್ದಳು. ಅವನೆಂದರೆ ಅವಳಿಗೆ ಪ್ರಾಣ. ಅವನಿಗೆ ಬೇಕೆಂದೇ ಪ್ರತಿ ವರ್ಷ ಒಂದು ಭರಣಿ ಸಿಹಿಮಾವಿನ ಉಪ್ಪಿನಕಾಯಿ ಬೇರೆಯೇ ಹಾಕುತ್ತಾಳೆ.

ಈ ಮೇ ತಿಂಗಳಲ್ಲಿ ಸುಹರಾಳ ಅಳಿಯ ಅರಾಫತ್ ಸೌದಿಯಿಂದ ರಜೆಯಲ್ಲಿ ಬಂದ. ರಜೆಗೆ ಬಂದ ಅಳಿಯ ಹೆಂಡತಿಯ ಮನೆಯಲ್ಲೇ ಉಳಿಯುವುದು ಅವರಲ್ಲಿ ರೂಢಿ. ಅತ್ತೆಗೆ ಗಿಡದ ಹುಚ್ಚು ಎಂದು ಕೇಳಿ, ಮದೀನದ ಪುದೀನದ ಬೇರನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತಂದಿದ್ದ. ಅದು ಹಬ್ಬಿಕೊಂಡ ಮೇಲೆ ಅದರ ಘಾಟು ಗೋಡೆ ದಾಟಿ ಮುದ್ದಕ್ಕನ ಮೂಗಿಗೆ ಬಡಿಯಿತು. "ಇಲ್ಲಿಯ ಪುದೀನ ಅದರ ಎದುರಿಗೆ ಹುಲ್ಲು, ಬಾಯಿ" ಎಂದು ನನ್ನ ಹತ್ತಿರ ಹೇಳಿದಳು. ಕೇಳಿ ತರಬಾರದಾ ಎಂದು ನಾನೂ ಅನ್ನಲಿಲ್ಲ. ಅನ್ನುವ ಮಾತಲ್ಲ ಅದು.

ಅದೇ ಹೊತ್ತಿಗೆ ಓಣಿಯಲ್ಲಿ ನೀರಿನ ಪಂಪು ಕದಿಯುವವರು ಹೊಕ್ಕಿದ್ದರು. ಸುಹರಾಳ ಮನೆಯದ್ದೂ ಹೋಗಿತ್ತು. ಅರಾಫತ್ ನಿದ್ದೆಗೆಟ್ಟು ಕಾಯುತ್ತಿದ್ದ. ಅಂದು ಬೆಳಕು ಹರಿಯುವಾಗ ಹಿತ್ತಿಲಲ್ಲಿ ಸರಸರ ಸದ್ದಾಯಿತು. ಮಾವಿನಕಾಯಿ ಕೊಯ್ಯುವ ಬಿದಿರ ಕೊಕ್ಕೆ ಹಿಡಿದು ಹೊರಗೆ ಬಂದರೆ, ತಲೆಗೆ ಬೈರಾಸು ಸುತ್ತಿದ ಒಂದು ಆಕೃತಿ ಪುದೀನದ ಮೇಲೆ ಬಗ್ಗಿದೆ.

"ಯಾರದು?" ಎಂದ. ಉತ್ತರ ಇಲ್ಲ. "ಯಾರಂತ ಕೇಳಿದ್ದು! ಬಾಯಿ ಇಲ್ವಾ?"

ಬಾಯಿ ಇತ್ತು. ಓಣಿಯಲ್ಲೇ ದೊಡ್ಡ ಬಾಯಿ. ಆದರೆ ಕುಡಿ ಆಗಲೇ ಕೈಯಲ್ಲಿತ್ತು, ಮಾತಾಡಿದರೆ ಅದು ಸಾಯುತ್ತದೆ. ಮುದ್ದಕ್ಕ ತುಟಿ ಕಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಮೊದಲ ಏಟು ಬೆನ್ನಿಗೆ ಬಿತ್ತು. ಅದನ್ನು ನುಂಗಿದಳು. ಎರಡನೆಯದಕ್ಕೆ ಬಲಗೈ ಅಡ್ಡ ತಂದಳು, ಮಣಿಕಟ್ಟಿನ ಮೇಲೆ ಎಲುಬು ಲಟಕ್ಕೆಂದಿತು. ಮಕಾಡೆ ಬಿದ್ದಳು. ಬಾಯಿಯಲ್ಲಿ ಮಣ್ಣು, ಹಲ್ಲಿನ ನಡುವೆ ರಕ್ತ. ಆದರೂ ಅವಳು ಸದ್ದು ಮಾಡಲಿಲ್ಲ. ಕೊಕ್ಕೆ ಮೂರನೆಯ ಸಲ ಮೇಲೆದ್ದಾಗ ಸುಹರಾ ಅಡುಗೆಮನೆಯಿಂದ ಓಡಿ ಬಂದು ಅಳಿಯನ ತೋಳಿಗೆ ಜೋತುಬಿದ್ದಳು.

"ಅಲ್ಲಾಹ್! ಅದು ನಮ್ಮ ಮುದ್ದಕ್ಕ! ಬಿಡು, ಬಿಡು!"

ಅರಾಫತನ ಕೈಯಿಂದ ಬಿದಿರು ಜಾರಿತು. ಮುದ್ದಕ್ಕ ಎದ್ದು, ಕುಡಿಯನ್ನು ಸೊಂಟಕ್ಕೆ ಸಿಕ್ಕಿಸಿ, ಒಂದೇ ಕೈಯಲ್ಲಿ ಗೋಡೆ ಹತ್ತಿ ಇಳಿದಳು. ಎಡಗೈಯಿಂದ ತೊಟ್ಟೆಯ ಮಣ್ಣು ಬಗೆದು ಪುದೀನ ಊರಿದಳು, ಚಂಬಿನಲ್ಲಿ ನೀರು ಹೊಯ್ದಳು. ಆಮೇಲೆ ಕಿರುಚಿದಳು. ಆ ಕಿರುಚಾಟಕ್ಕೆ ನನ್ನ ಮನೆಯ ನಾಯಿ ಮಂಚದ ಕೆಳಗೆ ಹೋದದ್ದು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ನಾನು ರಿಕ್ಷಾ ಕರೆದೆ. ಅರಾಫತ್ ಅಳುತ್ತಾ ಬಂದು ಕಾಲು ಹಿಡಿಯಲು ಬಗ್ಗಿದ. "ಗೊತ್ತಾಗಲಿಲ್ಲ ಅಕ್ಕ, ನನಗೆ ಗೊತ್ತಾಗಲಿಲ್ಲ."

"ಗೊತ್ತಾಗದ ಹಾಗೆ ಹೋಗುವುದೇ ಕಳ್ಳತನ, ಮಳ್ಳ" ಎಂದಳು ಮುದ್ದಕ್ಕ ಹಲ್ಲು ಕಚ್ಚಿ. "ನೀನು ಒಳಗೆ ಹೋಗಿ ಬಾಗಿಲು ಹಾಕಿಕೋ. ಲತೇಶ ಏಳ್ತಾನೆ ಈಗ."

ಲತೇಶ ಎದ್ದಿದ್ದ. ಅಮ್ಮ ಬಿದ್ದದ್ದು ಎಂದಳು. ಅವನು ಗೋಡೆಯ ಆಚೆ ಬಿದ್ದಿದ್ದ ಬಿದಿರು ನೋಡಿದ, ಅವಳ ಬೆನ್ನಿನ ಬಾಸುಂಡೆ ನೋಡಿದ. ನಮ್ಮ ಜೊತೆ ಆಸ್ಪತ್ರೆಗೆ ಬರಲಿಲ್ಲ. ಫೋನ್ ಕಿವಿಗಿಟ್ಟು ಓಣಿಯ ತುದಿಗೆ ನಡೆದ. ನಾನು ಆಗಲೇ ಹೆದರಿದೆ.

ಎಲುಬು ಕೂರಿಸಿ ಪ್ಲಾಸ್ಟರ್ ಹಾಕುವಷ್ಟರಲ್ಲಿ ಸುದ್ದಿ ಊರು ತಿರುಗಿ ನಮ್ಮ ಫೋನಿಗೇ ಬಂತು. ಮುದುಕಿಯೊಬ್ಬಳನ್ನು ಆ ಮನೆಯವರು ಕೂಡಿಹಾಕಿ ಹೊಡೆದರಂತೆ, ಜೀವ ಉಳಿಯುವುದು ಅನುಮಾನವಂತೆ. ಎತ್ತು ಈಯಿತೆಂದರೆ ಕರು ಕಟ್ಟು ಎನ್ನುವ ಜನಕ್ಕೆ ಇಷ್ಟು ಸಾಕು. ಮುದ್ದಕ್ಕ ಅದನ್ನು ಕೇಳಿ ಮಂಚದಿಂದ ಧುಮುಕಿದಳು. "ಬಾಯಿ, ಆ ಹುಡುಗನನ್ನು ಕೊಲ್ತಾರೆ. ಸುಹರಾಳ ಮಗಳು ಮುಂಡೆ ಆಗ್ತಾಳೆ. ನಡಿ" ಎಂದಳು. ಡಾಕ್ಟರು ತಡೆಯಲು ನೋಡಿದರು. ಅವರಿಗೂ ಬೈಗುಳ ಸಿಕ್ಕಿತು.

ನಾವು ಬರುವಾಗ ಓಣಿಯ ಬಾಯಿಗೆ ಬೈಕುಗಳನ್ನು ಅಡ್ಡ ನಿಲ್ಲಿಸಿದ್ದರು. ಸುಹರಾಳ ಗೇಟು ಕಿತ್ತು ಮಲಗಿತ್ತು. ಮುಖ ನೋಡಿ ಗೊತ್ತಿಲ್ಲದ ಹುಡುಗರು ಗಿಡದ ಚಟ್ಟಿಗಳನ್ನು ಎತ್ತಿ ಎತ್ತಿ ಗೋಡೆಗೆ ಬಡಿಯುತ್ತಿದ್ದರು. ಹಿತ್ತಿಲ ಜಗಲಿಯ ಭರಣಿಗಳನ್ನು ಅಂಗಳಕ್ಕೆ ಹೊತ್ತು ತಂದು ಒಬ್ಬ ಸಲಾಕೆಯಿಂದ ಒಂದೊಂದಾಗಿ ಒಡೆಯುತ್ತಿದ್ದ. ಇಡೀ ವರ್ಷದ ಮಾವಿನಕಾಯಿ ಅಂಗಳದಲ್ಲಿ ಉರುಳಾಡುತ್ತಿತ್ತು. ಉಪ್ಪುನೀರಿನಲ್ಲಿ ಜಾರಿ ಚೂರಿನ ಮೇಲೆ ಬಿದ್ದವನೊಬ್ಬ ಕೊಯ್ದುಹೋದ ಅಂಗಾಲು ಹಿಡಿದು, ಗಾಯಕ್ಕೆ ಉಪ್ಪು ಹೊಕ್ಕು, ಹಂದಿ ಕೂಗಿದ ಹಾಗೆ ಕೂಗುತ್ತಿದ್ದ. ನನಗೆ ಸ್ವಲ್ಪವೂ ಪಾಪ ಅನಿಸಲಿಲ್ಲ. ಶೈಲೇಶ್ ಮತ್ತು ಲತೇಶ ಮುಂಬಾಗಿಲಿಗೆ ಒದೆಯುತ್ತಿದ್ದರು. "ಅವನನ್ನು ಹೊರಗೆ ಕಳಿಸಿ! ಅಮ್ಮನಿಗೆ ಹೊಡೆದ ಕೈ ಕಡೀತೇವೆ!" ಎಂದು ಲತೇಶ ಅರಚುತ್ತಿದ್ದ. ಒಳಗಿನಿಂದ ಅರಾಫತನ ಮಗುವಿನ ಅಳು ಕೇಳುತ್ತಿತ್ತು. ಚಿಲಕದ ಮೊಳೆ ಅರ್ಧ ಸಡಿಲವಾಗಿತ್ತು.

ಮುದ್ದಕ್ಕ ಸಲಾಕೆಯವನನ್ನು ಪ್ಲಾಸ್ಟರ್ ಕೈಯಿಂದಲೇ ತಳ್ಳಿ ಮೆಟ್ಟಿಲು ಹತ್ತಿದಳು. ನೋವಿಗೆ ಅವಳ ಮುಖ ಬೂದಿಯಾಗಿತ್ತು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಒದಿ ಈಗ. ನನ್ನ ಹೊಟ್ಟೆಗೆ ಒದಿ. ಎಂತ ಆಯ್ತಂತ ಬಂದದ್ದು ನೀವೆಲ್ಲ? ನಾನು ಕದಿಯಲಿಕ್ಕೆ ಹೋದದ್ದು. ಕಳ್ಳಿಗೆ ಪೆಟ್ಟು ಬೀಳದೆ ಪಾಯಸ ಕೊಡ್ತಾರಾ?"

"ಅಜ್ಜಿ, ನೀವು ಹೆದರ್ಬೇಡಿ" ಎಂದ ಶೈಲೇಶ್. "ಹಾಗೆ ಹೇಳ್ಲಿಕ್ಕೆ ಅವರು ಹೇಳಿಕೊಟ್ಟದ್ದು ಅಂತ ನಮಗೆ ಗೊತ್ತುಂಟು. ನಾವಿದ್ದೇವೆ."

"ಹೇಳಿಕೊಟ್ಟದ್ದಾ? ನನಗೆ? ಕಣ್ಣು ಬಿಟ್ಟು ನೋಡು, ಬೇವರ್ಸಿ. ನೀವು ಒಡೆದ ಆ ಚಟ್ಟಿಯ ಬಸಳೆ ನನ್ನದು, ಸುಹರಾ ಕದ್ದದ್ದು. ನನ್ನ ಅಂಗಳದ ಮಾವಿನಶುಂಠಿ ಅವಳದ್ದು, ನಾನು ಕದ್ದದ್ದು. ಕರಿಬೇವು ಕದ್ದಿದ್ದೇನೆ. ನೆಲನೆಲ್ಲಿ ಕದ್ದಿದ್ದೇನೆ. ಇವತ್ತು ಪುದೀನ ಕದ್ದೆ. ಹೋಗಿ ನೋಡು, ನೆಟ್ಟಾಗಿದೆ."

ಕಿಟಕಿಯ ಒಂದು ರೆಕ್ಕೆ ಫಟ್ಟನೆ ತೆರೆಯಿತು. ಸುಹರಾ. ಹೆದರಿಕೆಯೋ ಸಿಟ್ಟೋ, ಅವಳ ನೀವು ಹೋಗಿ ನೀನು ಬಂದಿತ್ತು.

"ಮಾವಿನಶುಂಠಿ ಮಾತ್ರವಾ? ಹೋದ ವರ್ಷ ನನ್ನ ಭರಣಿಯ ಹಳೇ ಉಪ್ಪುನೀರು ಬಸಿದುಕೊಂಡು ಹೋದದ್ದು ಯಾರು? ಗಿಡ ಕದಿಯುವುದು ಬೇರೆ, ಭರಣಿಗೆ ಕೈ ಹಾಕುವುದು ಬೇರೆ! ನೀನೇ ಅದು!"

"ನಾನಲ್ಲ!"

"ನೀನೇ! ಮೇಲಿನ ಕಲ್ಲು ಮಗುಚಿ ಇಟ್ಟು ಹೋಗಿದ್ದಿ!"

"ಹೌದು, ನಾನೇ. ಎಂತ ಈಗ? ನಿನ್ನ ಕೋಳಿ ನನ್ನ ಹರಿವೆ ಮಡಿ ಕೆದಕಿದ್ದಕ್ಕೆ ಲೆಕ್ಕ ಸಮ ಆಯ್ತು!"

ನಾಟಕವಲ್ಲ ಅದು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಡೆದ ಗೇಟಿನ ಎದುರಿಗೆ ಕಕ್ಕುತ್ತಿದ್ದರು. ಇಬ್ಬರ ಉಗುಳೂ ಹಾರುತ್ತಿತ್ತು. ಹಿಂದೆ ನಿಂತಿದ್ದ ಹುಡುಗರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬನೂ ನಕ್ಕ. ನಗು ಹೊಕ್ಕರೆ ಗುಂಪಿನ ಕೈಯಲ್ಲಿ ಕಲ್ಲು ಭಾರವಾಗುತ್ತದೆ, ಇದನ್ನು ನಾನು ಅಂದು ಕಣ್ಣಾರೆ ನೋಡಿದೆ. ಸಲಾಕೆ ಕೆಳಗೆ ಇಳಿಯಿತು. ಶೈಲೇಶ್ ಬೆವರು ಒರೆಸಿಕೊಂಡು ಲತೇಶನ ಕಡೆ ತಿರುಗಿದ.

"ನಿನ್ನ ಅಮ್ಮ ಕಳ್ಳಿಯಾ ಮಾರಾಯ? ಮೊದ್ಲೇ ಹೇಳ್ಬಾರ್ದಾ? ನಾವು ಎಲ್ಲೆಲ್ಲಿಂದ ಹುಡುಗರನ್ನು ಕರ್ಕೊಂಡು ಬಂದದ್ದು."

ಲತೇಶನ ಕಿವಿಯವರೆಗೆ ರಕ್ತ ಏರಿತು. "ಬಾಯಿ ಮುಚ್ಚಿ ಅಮ್ಮ" ಎಂದ. "ಸುಳ್ಳು ಅಂತ ಹೇಳಿ ಇವರಿಗೆ."

"ಎಂತದು ಸುಳ್ಳು? ಕದ್ದದ್ದನ್ನೇ ಮಾರಿ ನಿನ್ನನ್ನು ಸಾಕಿದ್ದು."

ಅವನು ಅವಳ ಕೆನ್ನೆಗೆ ಹೊಡೆದ. ಅಂಗೈ ಅಗಲಿಸಿ, ಪೂರ್ತಿ ತೋಳು ಬೀಸಿ. ಅವಳ ತಲೆ ಬಾಗಿಲಿಗೆ ಬಡಿದು, ಮೈ ಜಾರಿ ಮೆಟ್ಟಿಲಿಗೆ ಕುಸಿಯಿತು. ಮುರಿದ ಕೈ ಅಡಿಗೆ ಸಿಕ್ಕಿಕೊಂಡಿತು. ಅದೇ ಕ್ಷಣ ಚಿಲಕ ತೆರೆದು ಹೊರಗೆ ಹಾರಿ ಬಂದವನು ಅರಾಫತ್. ಅಷ್ಟು ಹೊತ್ತು ಜೀವ ಹಿಡಿದುಕೊಂಡು ಒಳಗಿದ್ದವನು, ಲತೇಶನ ಎದೆಗೆ ಎರಡೂ ಕೈ ಇಟ್ಟು ಹಿಂದಕ್ಕೆ ದೂಡಿ, ಅವಳಿಗೂ ಅವನಿಗೂ ನಡುವೆ ನಿಂತ.

ಈಗ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಏನೂ ಬೀಳಲಿಲ್ಲ. ಬೆಳಗ್ಗಿನಿಂದ ಅವರೆಲ್ಲ ಕೂಗಿದ್ದು ಒಂದೇ ಮಾತು, ಮುದ್ದಕ್ಕನಿಗೆ ಹೊಡೆದವನ ಕೈ ಕಡಿಯುತ್ತೇವೆ ಎಂದು. ಈಗ ಕಣ್ಣೆದುರೇ ಹೊಡೆದವನು ಅವಳ ಮಗನೇ, ಎಲ್ಲರೂ ನೋಡಿದ್ದರು. ಒಬ್ಬ ನೆಲ ನೋಡಿದ, ಇನ್ನೊಬ್ಬ ಫೋನ್ ನೋಡಿದ. "ನಡೀರಿ ಮಾರಾಯ್ರೆ, ಅವರ ಮನೆ ವಿಷಯ. ನಮಗೆ ಯಾಕೆ?" ಎಂದ ಶೈಲೇಶ್. ಬೈಕುಗಳು ಒಂದೊಂದಾಗಿ ಹೊರಟವು. ನಾಯಿ ಜನ್ಮದವು! ಸುಹರಾಳ ಬಾಗಿಲು ಒದೆಯಲು ಇದ್ದ ಶೌರ್ಯ ಅಷ್ಟು ಬೇಗ ಎಲ್ಲಿ ಇಂಗಿ ಹೋಯಿತು? ನಾನು ಅವರ ಹಿಂದೆ ಓಣಿಯ ತುದಿಯವರೆಗೆ ಹೋಗಿ ಬೈದೆ. ಯಾರೂ ತಿರುಗಿ ನೋಡಲಿಲ್ಲ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವವರ ಹಾಗೆ ಆಮೇಲೆ ಪೊಲೀಸ್ ಜೀಪು ಬಂತು. ಇನ್ಸ್‌ಪೆಕ್ಟರು ಚೂರುಗಳ ನಡುವೆ ಕಾಲಿಡಲು ಜಾಗ ಹುಡುಕಿ, ಪ್ಲಾಸ್ಟರ್ ನೋಡಿ, ಊದಿದ ಕೆನ್ನೆ ನೋಡಿ, "ಯಾರಮ್ಮ ಹೊಡೆದದ್ದು?" ಎಂದರು.

ಸುಹರಾ ಮಗಳ ಕೈ ಹಿಡಿದುಕೊಂಡಳು. ಅರಾಫತ್ ಬಿಳಿಚಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಲತೇಶ ಅವನ ಕಡೆ ಬೆರಳು ಎತ್ತಿದ. "ಇವನೇ ಸರ್, ಅಮ್ಮನ ಕೈ..."

"ನನ್ನ ಹತ್ರ ಕೇಳಿದ್ದು ಅವರು" ಎಂದಳು ಮುದ್ದಕ್ಕ. ಸುಹರಾಳ ಹೆಗಲು ಹಿಡಿದು ಎದ್ದಳು. "ಕೈ ನಾನು ಕದಿಯಲಿಕ್ಕೆ ಹೋಗಿ ಬಿದ್ದು ಮುರ್ಕೊಂಡದ್ದು. ಅದಕ್ಕೆ ಯಾರ ಮೇಲೂ ಇಲ್ಲ. ಭರಣಿ ಒಡೆಯಲಿಕ್ಕೆ ಹುಡುಗರನ್ನು ಕರ್ಕೊಂಡು ಬಂದವನ ಹೆಸರು ಈ ಬಾಯಿ ಹೇಳ್ತಾರೆ, ನಾನೂ ಹೇಳ್ತೇನೆ. ಕೆನ್ನೆಗೆ ಹೊಡ್ದದ್ದು ಇವ. ಲತೇಶ. ನನ್ನ ಮಗ. ಬರ್ಕೊಳ್ಳಿ."

ಇನ್ಸ್‌ಪೆಕ್ಟರು ಟೋಪಿ ತೆಗೆದರು. "ಮಗನ ಮೇಲೆ ಕೇಸಾ ಅಮ್ಮ? ನೋಡಿ, ಮನೆಯಲ್ಲೇ ಕೂತು ಮಾತಾಡಿ ಸರಿ ಮಾಡಿಕೊಳ್ಳಬಹುದು."

"ಮನೆಯಲ್ಲೇ ಸರಿ ಮಾಡ್ಕೊಳ್ಳಿ ಅಂತ ಹೇಳಿಯೇ ನನ್ನನ್ನು ಅವನ ಅಪ್ಪನ ಕೈಯಲ್ಲಿ ಕೊಲ್ಲಿಸಿದ್ದು ಈ ಊರು. ಇವನಿಗೂ ನಾಳೆ ಹೆಂಡತಿ ಬರ್ತಾಳೆ. ಬರ್ಕೊಳ್ಳಿ ನೀವು."

ಲತೇಶನಿಗೆ ಆಗ ನಗಲೂ ಆಗಲಿಲ್ಲ, ಅಳಲೂ ಆಗಲಿಲ್ಲ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡವನ ಹಾಗೆ ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ. ಪೊಲೀಸರು ಭುಜಕ್ಕೆ ಕೈ ಹಾಕಿದ ಮೇಲೆ ಅವನಿಗೆ ಗೊತ್ತಾಯಿತು. ಜೀಪಿನ ಹಿಂದಿನಿಂದ "ಅಮ್ಮಾ" ಎಂದು ಕೂಗಿದ, ಚಿಕ್ಕವನಿದ್ದಾಗ ಮಾರ್ಕೆಟ್ಟಿನ ಜನರ ನಡುವೆ ಕೂಗುತ್ತಿದ್ದ ಹಾಗೆ. ಮುದ್ದಕ್ಕ ಜೀಪಿನ ಕಡೆ ಒಂದು ಹೆಜ್ಜೆ ಇಟ್ಟಳು. ಸುಹರಾ ಅವಳನ್ನು ಹಿಡಿಯಲು ಹೋದಳು, ಹಿಡಿಯುವ ಅಗತ್ಯ ಬೀಳಲಿಲ್ಲ. ಅವಳೇ ನಿಂತಳು.